ಭವಿಷ್ಯದ ಬಿಸ್ಕತ್ತು ಹಂಚಿದ ತೋಟಗಾರ ಮಕೋಟೊ ಹಾಗಿವಾರ

ಅಮೆರಿಕೆಯ ಯಾವ ಪಟ್ಟಣದಲ್ಲಾದರೂ ಸರಿಯೆ, ಚೀನೀ ಹೋಟೆಲಿನಲ್ಲಿ ಊಟ ಮುಗಿಸಿ ಬಿಲ್ಲು ಕೇಳಿದವನ ಮುಂದೆ ಮಾಣಿಯು ಬಿಲ್ಲಿನೊಡನೆ ಮಡಿಚಿದ ಗರಿಗರಿ ಬಿಸ್ಕತ್ತೊಂದನ್ನು ತಂದಿಡುತ್ತಾನೆ. ನಮ್ಮ ಉಡುಪಿ ಹೋಟೆಲುಗಳಲ್ಲಿ ಬಿಲ್ಲಿನ ಸಂಗಡ ಸೋಂಪು ಬರುವಂತೆ ಇದು ಅಲ್ಲಿಯ ವಾಡಿಕೆ. ಬಿಸ್ಕತ್ತನ್ನು ಮುರಿದರೆ ಒಳಗಿನಿಂದ ಒಂದು ಕಾಗದದ ಚೂರು ಹೊರಬೀಳುವುದು; ಅದರಲ್ಲಿ ತಿನ್ನುವವನ ಭವಿಷ್ಯವನ್ನು ಅಚ್ಚು ಹಾಕಿರುವರು. ಇದು ಚೀನದೇಶದ ಪುರಾತನ ಪದ್ಧತಿಯೆಂದು ಅಮೆರಿಕನ್ನರು ಬಹುಕಾಲ ನಂಬಿದ್ದರು. ಆದರೆ ಚೀನದಲ್ಲಿ ಇಂತಹ ತಿಂಡಿಯ ರೂಢಿಯೇ ಇರಲಿಲ್ಲ. ಇದರ ಮೂಲವನ್ನು ಅರಸುತ್ತ ಹೋದವರಿಗೆ ಎದುರಾಗುವವನು ಜಪಾನಿನಿಂದ ಹೊಟ್ಟೆಪಾಡಿಗಾಗಿ ಕಡಲು ದಾಟಿ ಬಂದ ಒಬ್ಬ ತೋಟಗಾರ, ಮಕೋಟೊ ಹಾಗಿವಾರ.

ಈತನು ಹುಟ್ಟಿದುದು 1854ರಲ್ಲಿ. 1870ರ ದಶಕದ ಕೊನೆಗೆ ಕ್ಯಾಲಿಫೋರ್ನಿಯ ಪ್ರಾಂತವನ್ನು ಸೇರಿದನು. 1894ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಒಂದು ಮಹಾ ವಸ್ತುಪ್ರದರ್ಶನ ನಡೆಯಿತು. ಜಪಾನೀ ಕಲಾವಸ್ತುಗಳ ವ್ಯಾಪಾರಿಯಾದ ಜಾರ್ಜ್ ಟರ್ನರ್ ಮಾರ್ಷ್ ಎಂಬಾತನು ಅಲ್ಲಿ ಒಂದು ಜಪಾನೀ ಹಳ್ಳಿಯನ್ನು ರಚಿಸಿದ್ದನು. ಪ್ರದರ್ಶನ ಮುಗಿದಮೇಲೆ ಹಾಗಿವಾರನು ಪಾರ್ಕಿನ ಮೇಲಧಿಕಾರಿ ಜಾನ್ ಮೆಕ್ಲಾರೆನನೊಡನೆ ಒಡಂಬಡಿಕೆ ಮಾಡಿಕೊಂಡು, ಆ ನೆಲವನ್ನು ಶಾಶ್ವತವಾದ ಚಹಾ ತೋಟವನ್ನಾಗಿ ಮಾಡಲು ಹೊರಟನು. ಗಿಡಗಳು, ಹಕ್ಕಿಗಳು, ಹೊಂಬಣ್ಣದ ಮೀನುಗಳು ಜಪಾನಿನಿಂದ ಹಡಗೇರಿ ಬಂದವು. ಸುಮಾರು ಒಂದು ಎಕರೆಯಿದ್ದ ಜಾಗವು ಕ್ರಮೇಣ ಐದು ಎಕರೆಗೆ ಬೆಳೆಯಿತು. ತನ್ನ ಸ್ವಂತ ದುಡ್ಡನ್ನೂ ಅದರಲ್ಲಿ ಸುರಿದು, ಸಂಸಾರಸಮೇತನಾಗಿ ತೋಟದೊಳಗೇ ಮನೆ ಕಟ್ಟಿಕೊಂಡು ಇದ್ದನು. ನೆಲ ಮಾತ್ರ ನಗರಸಭೆಯದು; ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆತನನ್ನು ಆ ಕೆಲಸದಿಂದ ತೆಗೆದುಹಾಕಿದರು. ಆತನು ಎದೆಗುಂದದೆ, ಪಾರ್ಕಿನ ಹೊರಗೆ ಸಮೀಪದಲ್ಲಿಯೇ ಇನ್ನೊಂದು ಚಹಾ ತೋಟವನ್ನು ತೆರೆದು ವ್ಯಾಪಾರ ಹೂಡಿದನು. ಕೆಲವು ವರ್ಷಗಳ ತರುವಾಯ ಪಾರ್ಕಿನವರೇ ಆತನನ್ನು ಮರಳಿ ಕರೆದುಕೊಂಡರು. ತನ್ನ ಪರವಾಗಿ ನಿಂತವರಿಗೆ ವಂದನೆಯ ಚೀಟಿಯಿಟ್ಟ ಬಿಸ್ಕತ್ತುಗಳನ್ನು ಹಂಚಿದನೆಂದೂ ಅದೇ ಭವಿಷ್ಯದ ಬಿಸ್ಕತ್ತಿನ ಜನ್ಮವೆಂದೂ ಒಂದು ಕಥೆಯುಂಟು. ಕಥೆಯೇನೋ ಸೊಗಸಾಗಿದೆ, ಆದರೆ ಕಥೆಯೆಂದೇ ಅದನ್ನು ಭಾವಿಸುವುದು ಲೇಸು.

ಏಕೆಂದರೆ ಚೀಟಿಯ ಬಿಸ್ಕತ್ತು ಆತನ ಸೃಷ್ಟಿಯಲ್ಲ. ಯಸುಕೊ ನಾಕಮಚಿ ಎಂಬ ಜಪಾನೀ ವಿದುಷಿಯು ಹಳೆಯ ಗ್ರಂಥಗಳನ್ನು ಶೋಧಿಸಿ, 1878ರ ಪುಸ್ತಕವೊಂದರಲ್ಲಿ ಅಂಗಡಿಯವನೊಬ್ಬನು ಕಬ್ಬಿಣದ ಅಚ್ಚುಗಳನ್ನು ಕೆಂಡದ ಮೇಲಿಟ್ಟು ಇಂತಹವನ್ನೇ ಸುಡುತ್ತಿರುವ ಚಿತ್ರವನ್ನು ಪತ್ತೆಹಚ್ಚಿದಳು. ಕ್ಯೋಟೊ ನಗರದಲ್ಲಿ ಫುಷಿಮಿ ಇನಾರಿ ದೇಗುಲದ ಸುತ್ತಣ ಅಂಗಡಿಗಳಲ್ಲಿ ಅದನ್ನು ಕೈಯಿಂದಲೇ ಮಾಡುವವರನ್ನೂ ಆಕೆ ಕಂಡಳು. ಅದರ ಹೆಸರು ತ್ಸುಜಿಉರ ಸೆನ್ಬೆ. ಅದು ಅಮೆರಿಕೆಯದಕ್ಕಿಂತ ದೊಡ್ಡದು, ಬಣ್ಣ ಕಂದು. ಎಳ್ಳು ಮತ್ತು ಸೋಯಾ ಕಾಳಿನ ಹುದುಗಿಸಿದ ಮಿಸೊ ಸೇರಿಸಿರುವರು. ಚೀಟಿಯು ಒಳಗಿರದೆ ಹೊರಮಡಿಕೆಯಲ್ಲಿ ಸಿಕ್ಕಿಸಿರುವುದು. ಬಿಸಿ ಇರುವಾಗಲೇ ಮಡಿಚಬೇಕು, ಅರೆಗಳಿಗೆ ತಡೆದರೆ ಮುರಿಯುವುದು. ಬಾಣಲೆಯ ಮುಂದೆ ನಿಂತು ಬೆರಳು ಸುಟ್ಟುಕೊಂಡವರಿಗೆ ಈ ಕಷ್ಟವನ್ನು ವಿವರಿಸಬೇಕಾದುದಿಲ್ಲ.

ಹಾಗಿವಾರನು ಮಾಡಿದ ಕಾರ್ಯವೆಂದರೆ, ಈ ತಿಂಡಿಯನ್ನು ತನ್ನ ತೋಟದಲ್ಲಿ ಚಹಾದೊಡನೆ ಅಮೆರಿಕನ್ನರಿಗೆ ಕೊಟ್ಟದ್ದು. ಬೇಡಿಕೆ ಹೆಚ್ಚಲು, ತಯಾರಿಸುವ ಕೆಲಸವನ್ನು 1906ರಲ್ಲಿ ಸ್ಥಾಪಿತವಾದ ಬೆಂಕ್ಯೋಡೊ ಎಂಬ ಜಪಾನೀ ಮಿಠಾಯಿ ಅಂಗಡಿಗೆ ಒಪ್ಪಿಸಿದನು. ಅಲ್ಲಿಯವರ ನಾಲಿಗೆಗೆ ಒಗ್ಗುವಂತೆ ವೆನಿಲ್ಲಾ ಸೇರಿಸಿ ಸಿಹಿ ಮಾಡಿದವರು ತಾವೆಂದು ಆ ಅಂಗಡಿಯ ವಂಶದವರ ಹೇಳಿಕೆ. ಲಾಸ್ ಏಂಜಲೀಸಿನ ನೂಡಲ್ ತಯಾರಕ ಡೇವಿಡ್ ಜಂಗ್ ಎಂಬ ಚೀನೀಯನು 1918ರಲ್ಲಿ ತಾನೇ ಕಂಡುಹಿಡಿದನೆಂಬ ವಾದವೂ ಇತ್ತು. 1983ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಅಣಕು ನ್ಯಾಯಾಲಯವೊಂದು ಈ ವ್ಯಾಜ್ಯವನ್ನು ವಿಚಾರಿಸಿ ತನ್ನೂರಿಗೇ ಜಯ ಕೊಟ್ಟಿತು! ಎದುರು ಪಕ್ಷದ ನಗರವು ಅದನ್ನು ಒಪ್ಪಲಿಲ್ಲವೆಂದು ಬೇರೆ ಹೇಳಬೇಕೆ?

1915ರ ಮತ್ತೊಂದು ಮಹಾ ಪ್ರದರ್ಶನವು ಮುಗಿದಾಗ ಅಲ್ಲಿಯ ಐದು ನೆಲೆಯ ಗೋಪುರವೂ ದೇಗುಲದ ಹೆಬ್ಬಾಗಿಲೂ ಈ ತೋಟಕ್ಕೆ ಬಂದವು. ತೋಟದ ಶೋಭೆ ಬೆಳೆದಂತೆ ಹೊರಗೆ ಜಪಾನೀಯರ ಮೇಲಣ ದ್ವೇಷವೂ ಬೆಳೆಯುತ್ತಿತ್ತು. 1913ರ ಶಾಸನದಿಂದ ಅವರು ಕ್ಯಾಲಿಫೋರ್ನಿಯದಲ್ಲಿ ಹೊಲ ಕೊಳ್ಳುವಂತಿರಲಿಲ್ಲ. 1924ರಲ್ಲಿ ಅವರ ವಲಸೆಯನ್ನೇ ನಿಲ್ಲಿಸಿದರು. ಮರುವರ್ಷ, 1925ರಲ್ಲಿ, ಹಾಗಿವಾರನು ತೀರಿಕೊಂಡನು. ಮಗಳೂ ಅಳಿಯನೂ ತೋಟವನ್ನು ನಡೆಸಿಕೊಂಡು ಬಂದರು.

1942ರಲ್ಲಿ ಯುದ್ಧದ ನಿಮಿತ್ತ ಪಶ್ಚಿಮ ತೀರದ ಜಪಾನೀ ಮೂಲದವರೆಲ್ಲರನ್ನೂ, ಆ ದೇಶದಲ್ಲಿಯೇ ಹುಟ್ಟಿದ ಮಕ್ಕಳನ್ನೂ ಬಿಡದೆ, ಸೆರೆ ಶಿಬಿರಗಳಿಗೆ ಸಾಗಿಸಿದರು. ಹಾಗಿವಾರನ ಕುಟುಂಬವೂ ಹೊರಡಬೇಕಾಯಿತು. ಅವರ ಮನೆಯನ್ನು ಕೆಡವಿದರು. ತೋಟದ ಹೆಸರಿನಿಂದ ಜಪಾನೆಂಬ ಮಾತನ್ನು ಅಳಿಸಿದರು. ಚಹಾ ಕೊಡಲು ಚೀನೀ ಹೆಂಗಸರನ್ನು ನಿಯಮಿಸಿದರು. ಜಪಾನೀ ಮಿಠಾಯಿಗಾರರ ಒಲೆಗಳೂ ಆರಿದುವು. ಚೀನೀಯರು ಆ ಬಿಸ್ಕತ್ತಿನ ತಯಾರಿಕೆಯನ್ನು ಕೈಗೆತ್ತಿಕೊಂಡರು. ಸ್ಯಾನ್‌ಫ್ರಾನ್ಸಿಸ್ಕೊದ ಮೂಲಕ ಹಾದುಹೋದ ಸಿಪಾಯಿಗಳು ಚೀನೀ ಹೋಟೆಲುಗಳಲ್ಲಿ ಅದನ್ನು ತಿಂದು, ಯುದ್ಧಾನಂತರ ತಮ್ಮ ತಮ್ಮ ಊರುಗಳಲ್ಲಿಯೂ ಕೇಳತೊಡಗಿದರು. ಹೀಗೆ ಅದು ಚೀನದ ತಿಂಡಿಯಾಯಿತು. ಕೈಗೆತ್ತಿಕೊಂಡವರ ಮೇಲೆ ತಪ್ಪು ಹೊರಿಸಲಾಗದು. ಅವರೂ ಹೊಟ್ಟೆಪಾಡಿಗೆ ಬಂದವರೇ.

ಯುದ್ಧ ಮುಗಿದಮೇಲೆ ಕುಟುಂಬವು ತೋಟದ ಮನೆಗೆ ಹಿಂದಿರುಗಲಾಗಲಿಲ್ಲ. 1952ರಲ್ಲಿ ತೋಟಕ್ಕೆ ಹಳೆಯ ಹೆಸರು ಬಂದಿತು. 1974ರಲ್ಲಿ ಹಾಗಿವಾರ ಕುಟುಂಬದ ನೆನಪಿಗಾಗಿ ಅಲ್ಲಿ ಒಂದು ಕಂಚಿನ ಫಲಕವನ್ನಿಟ್ಟರು. ಅದನ್ನು ರಚಿಸಿದವಳು ಹದಿಹರೆಯದಲ್ಲಿ ತಾನೂ ಸೆರೆ ಶಿಬಿರ ಕಂಡಿದ್ದ ಶಿಲ್ಪಿ ರೂತ್ ಅಸಾವ. 1986ರಲ್ಲಿ ತೋಟದ ಮುಂದಣ ರಸ್ತೆಗೆ ಹಾಗಿವಾರನ ಹೆಸರನ್ನಿಟ್ಟರು.