ಸದ್ಗೃಹಸ್ಥ ವರ್ತಕ ಬನಾರಸೀದಾಸರು

ಶ್ರೀರಂಗಪಟ್ಟಣದ ಗಂಜಾಂ ವ್ಯಾಪಾರದಿಂದ ಬೆಳೆದ ಪೇಟೆ. ಟಿಪ್ಪು ಸುಲ್ತಾನನು ಶಿರಾದಿಂದ ಸಾವಿರಾರು ಕುಟುಂಬಗಳನ್ನು ತಂದು ಇಲ್ಲಿ ನೆಲೆಗೊಳಿಸಿದನೆಂಬುದು ಇತಿಹಾಸ. ಅಂಗಡಿ ಹಾಗೂ ಸಂಸಾರ ಎರಡರ ಭಾರವನ್ನೂ ಹೊತ್ತವನಿಗೆ ಆತ್ಮಸಾಧನೆಗೆ ಎಡೆಯುಂಟೇ ಎಂಬ ಪ್ರಶ್ನೆ ಇಂತಹ ಪೇಟೆಗಳಲ್ಲಿ ಬಾಳುವ ಶ್ರಾವಕರಿಗೆ ಸಹಜವಾದುದು. ಆ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತವರು ಮೊಗಲರ ಕಾಲದ ಜೈನ ವರ್ತಕ, ಕವಿ ಬನಾರಸೀದಾಸರು.

ವಿಕ್ರಮ ಸಂವತ್ 1643ರ ಮಾಘ ಮಾಸದಲ್ಲಿ, ಎಂದರೆ ಕ್ರಿ.ಶ. 1586-87ರಲ್ಲಿ, ಉತ್ತರ ಭಾರತದ ಜೌನಪುರದಲ್ಲಿ ಅವರ ಜನನವಾಯಿತು. ತಂದೆ ಖರಗಸೇನರು ಶ್ರೀಮಾಲ ಕುಲದ ರತ್ನವ್ಯಾಪಾರಿಗಳು. ಮಗುವಿಗೆ ಮೊದಲಿಟ್ಟ ಹೆಸರು ವಿಕ್ರಮಾಜೀತ. ಪಾರ್ಶ್ವನಾಥ ಸ್ವಾಮಿಯ ಜನ್ಮಸ್ಥಳವಾದ ಬನಾರಸಿಗೆ ಯಾತ್ರೆ ಹೋದ ಮೇಲೆ ಬನಾರಸೀದಾಸನೆಂದು ಹೆಸರು ಬದಲಾಯಿತು. ಹನ್ನೊಂದನೆಯ ವಯಸ್ಸಿನಲ್ಲೇ ವಿವಾಹವೂ ನಡೆಯಿತು.

ತಾರುಣ್ಯದಲ್ಲಿ ಅವರು ಓದಿನಷ್ಟೇ ವಿಲಾಸಕ್ಕೂ ಮನಸೋತರು. ಖೈರಾಬಾದಿನ ಮಾವನ ಮನೆಯಲ್ಲಿದ್ದಾಗ ಘೋರ ಚರ್ಮರೋಗ ತಗುಲಿ, ನೆಂಟರಿಷ್ಟರೆಲ್ಲ ದೂರ ಸರಿದರು. ಪತ್ನಿ ಮತ್ತು ಅತ್ತೆ ಮಾತ್ರ ಅಸಹ್ಯಪಡದೆ ಶುಶ್ರೂಷೆ ಮಾಡಿದರು. ಶೃಂಗಾರವೇ ಮಿಗಿಲಾಗಿದ್ದ ಸಾವಿರ ಪದ್ಯಗಳ ತಮ್ಮ ಕಾವ್ಯವನ್ನು ಮುಂದೊಂದು ದಿನ ಪಶ್ಚಾತ್ತಾಪದಿಂದ ಗೋಮತೀ ನದಿಗೆ ಎಸೆದುಬಿಟ್ಟರು.

1610ರ ಸುಮಾರಿಗೆ ತಂದೆಯವರು ರತ್ನ, ತುಪ್ಪ, ಎಣ್ಣೆ, ಜೌನಪುರದ ಬಟ್ಟೆಗಳನ್ನು ಒಪ್ಪಿಸಿ, ಮನೆಯ ಹೊಣೆ ಇನ್ನು ನಿನ್ನದೆಂದು ಆಗ್ರಾಕ್ಕೆ ಕಳುಹಿಸಿದರು. ವ್ಯಾಪಾರ ಕೈಹಿಡಿಯಲಿಲ್ಲ. ಉಡುಪಿನ ಲಾಡಿಗೆ ಕಟ್ಟಿಕೊಂಡಿದ್ದ ರತ್ನಗಳು ಕಳೆದುಹೋದವು. ಕೆಲವನ್ನು ಇಲಿಗಳು ಎಳೆದೊಯ್ದವು. ಬರಿಗೈಯಾದ ಅವರು ಕಚೋರಿ ಮಾರುವವನೊಬ್ಬನಲ್ಲಿ ತಿಂಗಳುಗಟ್ಟಲೆ ಸಾಲದ ಮೇಲೆ ಉಂಡರು. ತಮ್ಮಲ್ಲಿ ಹಣವಿಲ್ಲವೆಂಬ ಸತ್ಯವನ್ನು ಅವನಿಗೆ ಮುಚ್ಚಿಡಲಿಲ್ಲ. ಅವನೂ ಅನ್ನ ನಿಲ್ಲಿಸಲಿಲ್ಲ. ಮುಂದೆ ಆ ಸಾಲವನ್ನು ಅವರು ತೀರಿಸಿದರು.

ಸೋತು ಖೈರಾಬಾದಿಗೆ ಬಂದ ಪತಿಯ ನಿಜಸ್ಥಿತಿಯನ್ನರಿತ ಪತ್ನಿ, ತಾನು ಕೂಡಿಟ್ಟಿದ್ದ 20 ರೂಪಾಯಿಗಳನ್ನು ಕೈಗಿತ್ತು ಧೈರ್ಯ ಹೇಳಿದಳು. ಮಗಳ ಮೂಲಕ ವಿಷಯ ತಿಳಿದ ಅತ್ತೆ, ಅಳಿಯನ ಮಾನ ಉಳಿಯುವಂತೆ ಗುಟ್ಟಾಗಿ 200 ರೂಪಾಯಿ ಕೊಟ್ಟರು. ಆ ಹಣದಿಂದ ಬಟ್ಟೆ, ಮುತ್ತುಗಳನ್ನು ಕೊಂಡು ಬನಾರಸೀದಾಸರು ಮತ್ತೆ ಆಗ್ರಾದ ದಾರಿ ಹಿಡಿದರು. ಮುಂದೆ ನರೋತ್ತಮದಾಸನೆಂಬ ಪ್ರಾಣಮಿತ್ರನ ಪಾಲುಗಾರಿಕೆಯಲ್ಲಿ ವ್ಯಾಪಾರ ಸ್ವಲ್ಪ ಚೇತರಿಸಿತು. ಆದರೆ ಕಷ್ಟಕಾಲದಲ್ಲಿ ಆಸರೆಯಾದ ಆ ಪತ್ನಿಯೂ ಹಸುಗೂಸೂ ತೀರಿಕೊಂಡ ಸುದ್ದಿ, ಅವರು ಊರಲ್ಲಿಲ್ಲದಾಗ ಪತ್ರದ ಮೂಲಕ ಬಂದಿತು. ಮಿತ್ರನೂ ಅಕಾಲದಲ್ಲಿ ಅಗಲಿದನು. ಮೂರು ವಿವಾಹಗಳಾದರೂ, ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ.

ಇಂತಹ ಶೋಕದ ನಡುವೆಯೇ ಕುಂದಕುಂದಾಚಾರ್ಯರ ಸಮಯಸಾರವು, ರಾಜಮಲ್ಲರ ವ್ಯಾಖ್ಯಾನದೊಡನೆ, 1623ರ ಸುಮಾರಿಗೆ ಅವರ ಕೈಸೇರಿತು. ಮೊದಲಿಗೆ ಅದರ ಮರ್ಮ ತಿಳಿಯದೆ, ಆತ್ಮವೊಂದೇ ಸತ್ಯವಾದರೆ ಪೂಜೆ, ವ್ರತ, ನಿಯಮಗಳೇಕೆಂದು ಅವೆಲ್ಲವನ್ನೂ ತೊರೆದರು. ಗೆಳೆಯರೊಡನೆ ಆಚಾರಗಳನ್ನು ಅಪಹಾಸ್ಯ ಮಾಡಿ ಲೋಕನಿಂದೆಗೂ ಗುರಿಯಾದರು. ಹನ್ನೆರಡು ವರ್ಷಗಳ ಈ ತೊಳಲಾಟದ ಬಳಿಕ, 1635ರ ಸುಮಾರಿಗೆ, ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ಗೊಮ್ಮಟಸಾರವನ್ನು ವಿವರಿಸಿದರು. ಗುಣಸ್ಥಾನಗಳ ಏಣಿಯಲ್ಲಿ ಜೀವನು ಯಾವ ಮೆಟ್ಟಿಲಲ್ಲಿರುವನೋ ಅದಕ್ಕೆ ತಕ್ಕ ಆಚಾರವೂ ಉಂಟೆಂಬುದು ಆಗ ಮನದಟ್ಟಾಯಿತು. ನಿಶ್ಚಯವೂ ವ್ಯವಹಾರವೂ ಒಂದನ್ನೊಂದು ಅಳಿಸುವುದಿಲ್ಲವೆಂದರಿತು ಅವರು ಸ್ಥಿರಚಿತ್ತರಾದರು. ಚಾವುಂಡರಾಯನ ಗುರುಗಳೆಂದು ಪ್ರಸಿದ್ಧರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗ್ರಂಥವು, ಆರು ಶತಮಾನಗಳ ಅನಂತರ, ದೂರದ ಆಗ್ರಾದ ವರ್ತಕನೊಬ್ಬನನ್ನು ದಾರಿಗೆ ತಂದುದು ಕನ್ನಡ ನಾಡಿನ ಜೈನರಿಗೆ ಹೆಮ್ಮೆಯ ವಿಷಯ.

ಮರುವರ್ಷವೇ, 1636ರಲ್ಲಿ, ಅವರು ಸಮಯಸಾರ ನಾಟಕವನ್ನು ರಚಿಸಿದರು. ಸಂಸ್ಕೃತ, ಪ್ರಾಕೃತಗಳನ್ನರಿಯದ ಗೃಹಸ್ಥರಿಗೂ ಅಧ್ಯಾತ್ಮದ ಬಾಗಿಲು ಅವರ ಆಡುನುಡಿಯಲ್ಲಿ ತೆರೆಯಿತು. 1641ರಲ್ಲಿ ಬರೆದ ಅರ್ಧಕಥಾನಕವು ಹಿಂದಿಯ ಮೊದಲ ಆತ್ಮಚರಿತ್ರೆಯೆಂದು ಮಾನ್ಯವಾಗಿದೆ. ಮನುಷ್ಯನ ಪೂರ್ಣಾಯುಸ್ಸು 110 ವರ್ಷವೆಂದೆಣಿಸಿ, ಐವತ್ತೈದಕ್ಕೆ ಬರೆದ ಕಥೆ ಅರ್ಧವೆಂದು ಆ ಹೆಸರು. ಲಾಭದ ಪಕ್ಕದಲ್ಲೇ ನಷ್ಟವನ್ನೂ ಬರೆದಿಡುವ ಪ್ರಾಮಾಣಿಕ ವರ್ತಕನಂತೆ, ಅದರಲ್ಲಿ ಅವರು ತಮ್ಮ ಗುಣಗಳೊಡನೆ ದೋಷಗಳನ್ನೂ ಎಣಿಸಿದ್ದಾರೆ. ಉಳಿದರ್ಧ ಅವರಿಗೆ ದೊರೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಅವರು ಕಾಲವಶರಾದರು.

ಸಂಪತ್ತು ನಿಲ್ಲಲಿಲ್ಲ, ಸಂತಾನ ಉಳಿಯಲಿಲ್ಲ. ಆದರೂ ಮನೆಯನ್ನು ತೊರೆಯದೆ, ಅಂಗಡಿಯ ಹೊಣೆಯನ್ನು ಹೊತ್ತೇ, ಎಡವಿದಲ್ಲಿ ಎಡವಿದೆನೆಂದು ಒಪ್ಪಿ, ಕಡೆಗೆ ಸಮ್ಯಕ್ತ್ವದ ದಾರಿಯನ್ನು ಅವರು ಕಂಡುಕೊಂಡರು. ಬಸದಿಯಲ್ಲಿ ಜಿನಬಿಂಬವು ಪ್ರತಿಷ್ಠೆಗೊಳ್ಳುವಾಗ ಪ್ರತಿಯೊಬ್ಬ ಶ್ರಾವಕನ ಹೃದಯದಲ್ಲೂ ನೆಲೆಗೊಳ್ಳಬೇಕಾದುದು ಇದೇ ಸರಳ ಸತ್ಯನಿಷ್ಠೆ.