ಕುದ್ಮುಲ್ ರಂಗರಾಯರು

ಮಂಗಳೂರಿನ ನೆಹರೂ ಮೈದಾನದ ಬಳಿಯಿರುವ ಪುರಭವನಕ್ಕೆ ಚರ್ಚಾಸ್ಪರ್ಧೆಗೆಂದೋ ನಾಟಕ ನೋಡಲೆಂದೋ ಒಮ್ಮೆಯಾದರೂ ಹೋಗದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಆ ಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಎರಡು ವರ್ಷ ಆ ಹೆಸರಿನ ಕೆಳಗೆ ಹಾದುಹೋದ ನಾನು, ಇವರು ಯಾರೋ ಧನಿಕರು, ಕಟ್ಟಡಕ್ಕೆ ಹಣ ಕೊಟ್ಟವರಿರಬೇಕು ಎಂದೇ ನಂಬಿದ್ದೆ. ಹಣ ಕೊಟ್ಟವರಲ್ಲ, ಜೀವಮಾನವಿಡೀ ಪರರಿಗಾಗಿ ಹಣ ಬೇಡಿದವರು ಎಂದು ತಿಳಿದದ್ದು ಆಮೇಲೆ. ನನ್ನಂತೆಯೇ ತಿಳಿದಿರುವ ಸಹಪಾಠಿಗಳು ಇನ್ನೂ ಕೆಲವರಿರಬಹುದೆಂಬ ಧೈರ್ಯದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಒಂದು ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಆಗ ಕಾಸರಗೋಡು ನಮ್ಮ ಜಿಲ್ಲೆಗೇ ಸೇರಿತ್ತು. ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದರು. ತಿಂಗಳಿಗೆ ಎಂಟು ರೂಪಾಯಿ ಸಂಬಳದ ಉಪಾಧ್ಯಾಯರಾದರು. ದುಡಿಯುತ್ತಲೇ ಓದಿ ಪ್ಲೀಡರ್ ಪರೀಕ್ಷೆಯನ್ನು ಮುಗಿಸಿ ನ್ಯಾಯಾಲಯದ ಮೆಟ್ಟಿಲೇರಿದರು. ಆ ಕಾಲದಲ್ಲಿ ಮಂಗಳೂರಿನ ವಕೀಲನಿಗೆ ಜಮೀನುದಾರರ ವ್ಯಾಜ್ಯಗಳೇ ಸಾಕಾಗಿದ್ದವು. ರಾಯರು ಮಾತ್ರ ಬಡವರ ಪರವಾಗಿ ನಿಂತರು. ವಕೀಲಿಯಲ್ಲಿ ಅವರು ಶ್ರೀಮಂತರಾಗದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಅವರ ಮನಸ್ಸನ್ನು ತಿದ್ದಿದ್ದು ಬ್ರಾಹ್ಮಸಮಾಜ. ಮಂಗಳೂರಿನಲ್ಲಿ ಅದು ನೆಲೆಯೂರಿದ್ದು 1870ರಲ್ಲಿ. ಬಿಲ್ಲವ ಮುಖಂಡರಾದ ಅರಸಪ್ಪನವರು ತಮ್ಮವರಿಗೆ ಗೌರವದ ಒಂದು ಮತವನ್ನು ಅರಸುತ್ತಿದ್ದರು. ಉಳ್ಳಾಲ ರಘುನಾಥಯ್ಯನವರಂಥ ಸಾರಸ್ವತ ಸುಧಾರಕರು ಜಾತಿಯ ಕಟ್ಟಿನಿಂದ ಹೊರಬರಲು ಹಂಬಲಿಸುತ್ತಿದ್ದರು. ಮೇಲಿನವರ ಸಂಕೋಚ, ಕೆಳಗಿನವರ ಸಂಶಯ ಎರಡೂ ಸೇರಿ ಆ ಕೂಟ ದೊಡ್ಡದಾಗಿ ಬೆಳೆಯಲಿಲ್ಲ. ಆದರೆ ಒಬ್ಬನೇ ದೇವರೆಂದರೆ ಎಲ್ಲರೂ ಒಂದೇ ಪಂಕ್ತಿಯವರೆಂಬ ಅರ್ಥವನ್ನು ರಂಗರಾಯರು ಅಲ್ಲಿಂದ ಹಿಡಿದು ತಂದರು. ಅನೇಕರು ಅದನ್ನು ಭಾನುವಾರದ ಪ್ರಾರ್ಥನೆಗೆ ಮೀಸಲಿಟ್ಟರು. ಇವರು ಸೋಮವಾರಕ್ಕೂ ತಂದರು.

ಆಗಿನ ತುಳುನಾಡಿನ ಸ್ಥಿತಿಯನ್ನು ನೆನೆದರಲ್ಲವೇ ಅವರ ಸಾಹಸದ ಅಳತೆ ಸಿಗುವುದು? ಗುಲಾಮಗಿರಿಗೆ ಕಾನೂನಿನ ಬೆಂಬಲ 1843ರಲ್ಲಿಯೇ ತಪ್ಪಿತ್ತು. ಆದರೂ ಮೂಲದಾಳುಗಳೆಂಬ ಹೆಸರಿನಲ್ಲಿ ದಲಿತ ಕುಟುಂಬಗಳು ತಲೆಮಾರುಗಳಿಂದ ಒಬ್ಬ ಧಣಿಯ ಗದ್ದೆಗೆ ಅಂಟಿಕೊಂಡೇ ಬದುಕುತ್ತಿದ್ದವು. ಅವರ ಮಕ್ಕಳು ದನ ಕಾಯುತ್ತಿದ್ದರು. ಶಾಲೆಯ ಜಗಲಿ ಏರುವ ಮಾತೇ ಇರಲಿಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿಯೇ ಬಂದು ಶಾಲೆಗಳನ್ನು ತೆರೆದು ಕೆಲವರ ಬಾಳಿಗೆ ಬೆಳಕು ಕೊಟ್ಟಿದ್ದರು, ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಮತ ಬಿಡದೆ, ಹುಟ್ಟಿದ ಕೇರಿ ಬಿಡದೆ ಅಕ್ಷರ ಕಲಿಯಬೇಕೆಂಬ ದಲಿತ ಬಾಲಕನಿಗೆ ಹಿಂದೂ ಸಮಾಜ ಏನನ್ನೂ ಕೊಟ್ಟಿರಲಿಲ್ಲ.

1892ರಲ್ಲಿ ರಾಯರು ಉರ್ವದ ಚಿಲಿಂಬಿಯಲ್ಲಿ ಒಂದು ಬಾಡಿಗೆಯ ಜಾಗದಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಊರು ಎದುರು ನಿಂತಿತು. ಶಾಲೆ ಅಲ್ಲಿಂದ ಕಂಕನಾಡಿಗೆ ಹೋಯಿತು, ಅಲ್ಲಿಂದ ಶೇಡಿಗುಡ್ಡೆಗೆ ಬಂತು. ಮೊದಮೊದಲು ಸವರ್ಣ ಹಿಂದೂ ಉಪಾಧ್ಯಾಯರು ಬರಲೊಪ್ಪದೆ ಕ್ರೈಸ್ತ ಉಪಾಧ್ಯಾಯರೇ ಪಾಠ ಹೇಳಬೇಕಾಯಿತು. ಮಕ್ಕಳು ಬರುವುದೂ ಸುಲಭವಾಗಿರಲಿಲ್ಲ. ದನ ಕಾಯುವ ಹುಡುಗ ಶಾಲೆಯಲ್ಲಿ ಕುಳಿತರೆ ಆ ದಿನದ ಗಂಜಿ ಎಲ್ಲಿಂದ ಬರಬೇಕು? ರಾಯರು ಶಾಲೆಯಲ್ಲಿಯೇ ಮಧ್ಯಾಹ್ನದ ಊಟ ಹಾಕಿಸಿದರು. ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರೆಂದೂ ಹೇಳುತ್ತಾರೆ. ಲಂಚ ಕೊಟ್ಟು ಮಕ್ಕಳನ್ನು ಕೂಡಿಸುವ ಶಾಲೆಯೆಂದು ಯಾರಾದರೂ ನಕ್ಕಿದ್ದರೆ ನಗಲಿ. ಹಸಿವಿನ ಲೆಕ್ಕ ಹಿಡಿಯದೆ ವಿದ್ಯೆಯ ಲೆಕ್ಕ ಬರೆಯುವವರಿಗಿಂತ ಈ ಎರಡು ಪೈಸೆಯ ಮನುಷ್ಯ ಜಾಣರೆಂದು ನನಗನಿಸುತ್ತದೆ.

ಒಬ್ಬನ ಜೇಬಿನಿಂದ ಇದೆಲ್ಲ ಎಷ್ಟು ದಿನ ನಡೆದೀತು? 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಡಿ.ಸಿ.ಎಂ. ಎಂದೇ ಅದು ಜನರ ಬಾಯಲ್ಲಿ ಉಳಿಯಿತು. ಇದೇ ಬಗೆಯ ಹೆಸರಿನ ಸಂಸ್ಥೆಯನ್ನು ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಆರಂಭಿಸಿದ್ದು 1906ರಲ್ಲಿ. ನಮ್ಮ ಊರು ಒಂಬತ್ತು ವರ್ಷ ಮುಂದಿತ್ತು. ಸಂಸ್ಥೆಯ ಖರ್ಚಿಗೆ ರಾಯರ ಸ್ವಂತ ಗಳಿಕೆ, ಬ್ರಾಹ್ಮಸಮಾಜದ ಮಿತ್ರರ ಕಾಣಿಕೆ, ಹೊರ ಊರುಗಳ ದಾನಿಗಳ ನೆರವು, ಸರಕಾರದ ಸಹಾಯ ಇವೆಲ್ಲ ಕೂಡಬೇಕಾಗಿತ್ತು.

ಇಲ್ಲಿ ಒಂದು ಹೋಲಿಕೆ ಹೇಳಲೇಬೇಕು. ಅದೇ ಕಾಲದಲ್ಲಿ, ಅದೇ ಮಂಗಳೂರಿನಲ್ಲಿ, ಅದೇ ವಕೀಲಿ ವೃತ್ತಿಯಲ್ಲಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ತೆರೆದರು. 1906ರಲ್ಲಿ ಅವರು ಹುಟ್ಟುಹಾಕಿದ ನಿಧಿ ಮುಂದೆ ಕೆನರಾ ಬ್ಯಾಂಕಾಯಿತು. ಅದು ದೊಡ್ಡ ಕೆಲಸವೇ ಸರಿ. ಆದರೆ ಪೈಗಳು ಕೈಯೊಡ್ಡಿದ ಮನೆಗಳಲ್ಲಿ ಕೊಟ್ಟವನ ಮಗನೋ ಮಗಳೋ ನಾಳೆ ಆ ಶಾಲೆಯಲ್ಲಿ ಕೂರಬಹುದಿತ್ತು. ರಂಗರಾಯರು ಬೇಡಿದ್ದು, ಕೊಡುವವರು ತಮ್ಮ ಅಂಗಳಕ್ಕೂ ಬಿಟ್ಟುಕೊಳ್ಳದ ಮಕ್ಕಳಿಗಾಗಿ. ತನ್ನವರಿಗೆ ಕೊಡುವ ಕೈ ಬೇಗ ಬಿಚ್ಚುತ್ತದೆ. ಎರಡೂ ದಾನವೇ, ತೂಕ ಮಾತ್ರ ಬೇರೆ.

ಅವರ ಯೋಚನೆಯಲ್ಲಿ ನನ್ನನ್ನು ಬಹಳ ಸೆಳೆದದ್ದು ಭೂಮಿಯ ಸಂಗತಿ. ಓದಿದ ಹುಡುಗ ಸಂಜೆ ಮರಳುವುದು ಧಣಿಯ ಜಾಗದ ಗುಡಿಸಲಿಗೆ. ಧಣಿ ಮುನಿದರೆ ಗುಡಿಸಲೂ ಇಲ್ಲ, ಶಾಲೆಯೂ ಇಲ್ಲ. ಇದನ್ನು ಕಂಡ ರಾಯರು ಸರಕಾರದಿಂದ ಗುಡ್ಡದ ಜಾಗಗಳನ್ನು ಪಡೆದು ದಲಿತ ಕುಟುಂಬಗಳನ್ನು ಅಲ್ಲಿ ನೆಲೆಗೊಳಿಸಿದರು. ಶೇಡಿಗುಡ್ಡೆ, ಬೋಳೂರು, ಅತ್ತಾವರದ ಬಾಬುಗುಡ್ಡೆ ಮೊದಲಾದ ಕಡೆ ಅವರ ಕೆಲಸ ಹರಡಿತು. ಮರಗೆಲಸ, ನೇಯ್ಗೆ, ಹೊಲಿಗೆಗಳನ್ನೂ ಕಲಿಸಿದರು. ತನ್ನದೇ ನೆಲದ ಮೇಲೆ ನಿಂತು ತನ್ನದೇ ಕೈಕಸುಬಿನಿಂದ ಉಣ್ಣುವವನನ್ನು ಹೆದರಿಸುವುದು ಕಷ್ಟ. ವಕೀಲರಾದ ಅವರಿಗೆ ಹಕ್ಕುಪತ್ರದ ಬೆಲೆ ಚೆನ್ನಾಗಿ ಗೊತ್ತಿತ್ತು.

ಸ್ವಜಾತಿಯವರು ಅವರನ್ನು ದೂರವಿಟ್ಟರು. ಬಹಿಷ್ಕಾರದ ಬಿಸಿ ತಟ್ಟಿದ್ದು ರಾಯರೊಬ್ಬರಿಗೇ ಅಲ್ಲ, ಮನೆಯ ಹೆಂಗಸರು ಮಕ್ಕಳಿಗೂ. ಸುಧಾರಕರ ಚರಿತ್ರೆ ಬರೆಯುವವರು ಅಡುಗೆಮನೆಯ ಈ ಕಷ್ಟವನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ; ವಿವರ ಸಿಗದ ಕಾರಣ ನಾನೂ ಹಾಗೆಯೇ ಮಾಡಬೇಕಾಗಿದೆ. ಆದರೆ ರಾಯರು ಪರರ ಮಕ್ಕಳಿಗೊಂದು, ತಮ್ಮ ಮಕ್ಕಳಿಗೊಂದು ನ್ಯಾಯ ಮಾಡಲಿಲ್ಲ. 1912ರಲ್ಲಿ ಮಗಳು ರಾಧಾಬಾಯಿಯವರ ವಿವಾಹ ಬೇರೆ ಜಾತಿಯ, ಬೇರೆ ಭಾಷೆಯ ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು. ಸುಬ್ಬರಾಯನ್ ಮುಂದೆ ಮದರಾಸು ಪ್ರಾಂತದ ಮುಖ್ಯ ಮಂತ್ರಿಗಳಾದರು. ರಾಧಾಬಾಯಿಯವರು ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಸ್ತ್ರೀಯರ ಪ್ರತಿನಿಧಿಯಾಗಿ ಕುಳಿತರು. ಅವರ ಮಗ ಜನರಲ್ ಕುಮಾರಮಂಗಲಂ 1966ರಲ್ಲಿ ಭೂಸೇನೆಯ ಮುಖ್ಯಸ್ಥರಾದರು.

ವಯಸ್ಸಾದಂತೆ ರಾಯರಿಗೆ ಸಂಸ್ಥೆಯ ಚಿಂತೆ ಹತ್ತಿತು. ಮಗನಿಗೋ ಅಳಿಯನಿಗೋ ಬಿಟ್ಟುಹೋಗುವ ಆಸ್ತಿ ಅದಲ್ಲ. ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಕೈಗೆ ಮಿಷನ್ನನ್ನು ಒಪ್ಪಿಸಿದರು. ತಾವು ಕಟ್ಟಿದ್ದನ್ನು ತಾವೇ ಬಿಟ್ಟುಕೊಡುವ ಈ ಕೆಲಸ ಎಲ್ಲ ದೊಡ್ಡವರಿಗೂ ಸಾಧ್ಯವಾಗುವುದಿಲ್ಲ. ಕೊನೆಗೆ 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿಕೊಂಡರು.

1928ರ ಜನವರಿ 30ರಂದು ಅವರು ತೀರಿಕೊಂಡರು. ತಮ್ಮ ಶವವನ್ನು ಊರ ಕೊಳೆ ತೆಗೆಯುವ ತೋಟಿಗಳೇ ಹೊರಬೇಕೆಂಬುದು ಅವರ ಇಚ್ಛೆಯಾಗಿತ್ತು. ತಮ್ಮ ಶಾಲೆಯಲ್ಲಿ ಓದಿದ ದಲಿತ ಬಾಲಕನೊಬ್ಬ ಉದ್ಯೋಗ ಹಿಡಿದು, ಕಾರಿನಲ್ಲಿ ಕುಳಿತು ತಮ್ಮ ಊರಿನ ಬೀದಿಯಲ್ಲಿ ಹೋಗಬೇಕು, ಆ ಚಕ್ರದ ಧೂಳು ತಮ್ಮ ತಲೆಗೆ ತಾಗಬೇಕು ಎಂದು ಅವರು ಬಯಸಿದ್ದರೆಂಬುದು ಇಂದಿಗೂ ಮನೆಮಾತು. ಬಾಬುಗುಡ್ಡೆಯ ಬ್ರಾಹ್ಮಸಮಾಜದ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. 1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದಾಗ, ಅಸ್ಪೃಶ್ಯತೆಯ ವಿರುದ್ಧ ಈ ಊರಿನಲ್ಲಿ ಕೆಲಸ ಆರಂಭವಾಗಿ ನಲವತ್ತು ವರ್ಷ ಮೀರಿತ್ತು.