ಕನ್ನಡ ನಾಡು ಕಾಣದೆ ಕನ್ನಡ ವ್ಯಾಕರಣ ಬರೆದ ಬೂಟು ಹೊಲಿಯುವವ: ವಿಲಿಯಂ ಕೇರಿ ಬದುಕಿನ ಕಥೆ

1817ರಲ್ಲಿ ಕನ್ನಡ ಭಾಷೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ವ್ಯಾಕರಣ ಪುಸ್ತಕ ಬಂತು. ಅದು ಅಚ್ಚಾದದ್ದು ಬೆಂಗಳೂರಲ್ಲೂ ಅಲ್ಲ, ಬಳ್ಳಾರಿಯಲ್ಲೂ ಅಲ್ಲ. ದೂರದ ಬಂಗಾಳದಲ್ಲಿ, ಕಲ್ಕತ್ತಾ ಹತ್ತಿರದ ಸೆರಾಂಪುರದಲ್ಲಿ. ಬರೆದ ವಿಲಿಯಂ ಕೇರಿ ಕನ್ನಡ ನಾಡಿಗೆ ಒಂದು ದಿನವೂ ಕಾಲಿಟ್ಟವರಲ್ಲ.

ಕಲಿತ ಕಸುಬು ಬೂಟು ಹೊಲಿಯೋದು. ಹಿಡಿದ ಕೆಲಸ ಬ್ಯಾಪ್ಟಿಸ್ಟ್ ಬೋಧಕರದ್ದು. ಹುಟ್ಟಿದ ದೇಶ ಬಿಟ್ಟು ಬಂದವರು 40 ವರ್ಷಕ್ಕೂ ಹೆಚ್ಚು ಕಾಲ ಬಂಗಾಳದಲ್ಲೇ ಇದ್ದು, ಅಲ್ಲೇ ಮಣ್ಣಾದರು. ಅವರದ್ದು ದೊಡ್ಡ ಹೆಸರು. ಆದರೆ ಆ ಹೆಸರಿಗೆ ಹೆಗಲು ಕೊಟ್ಟವರು ಬಹಳ ಜನ, ಬೆಲೆ ತೆತ್ತವರೂ ಇದ್ದಾರೆ.

ಕೇರಿ ಹುಟ್ಟಿದ್ದು 1761ರ ಆಗಸ್ಟ್ 17ರಂದು, ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ. ತಂದೆ ನೇಕಾರ, ಆಮೇಲೆ ಊರ ಶಾಲೆಯ ಮೇಷ್ಟ್ರು. ಹುಡುಗನಿಗೆ ಚರ್ಮದ ತೊಂದರೆ ಇತ್ತು, ಬಿಸಿಲಲ್ಲಿ ದುಡಿಯೋಕೆ ಆಗ್ತಿರಲಿಲ್ಲ. ಹಾಗಾಗಿ 14ರ ಹೊತ್ತಿಗೆ ನೆರಳಲ್ಲಿ ಕೂತು ಮಾಡುವ ಕೆಲಸಕ್ಕೆ, ಬೂಟು ಹೊಲಿಯೋಕೆ ಸೇರಿಸಿದರು. ದೊಡ್ಡ ಶಾಲೆ ಕಂಡವರಲ್ಲ. ಆದರೂ ಲ್ಯಾಟಿನ್, ಗ್ರೀಕ್, ಹೀಬ್ರೂ, ಡಚ್ ಭಾಷೆಗಳನ್ನು ಕೆಲಸದ ನಡುವೆಯೇ ಕಲಿತುಕೊಂಡರು.

1781ರಲ್ಲಿ ಡೊರೊತಿ ಅವರೊಂದಿಗೆ ಮದುವೆ ಆಯ್ತು. ಹೆಂಡತಿಗೆ ಓದು ಬರಹ ಬರ್ತಿರಲಿಲ್ಲ. ಮದುವೆ ದಾಖಲೆಗೆ ಸಹಿ ಬದಲು ಗೀಟು ಹಾಕಿದ್ದರು. ಮೊದಲ ಮಗಳು ಎರಡು ವರ್ಷ ತುಂಬುವ ಮೊದಲೇ ಜ್ವರಕ್ಕೆ ಬಲಿಯಾದಳು.

ಬ್ಯಾಪ್ಟಿಸ್ಟರು ಇಂಗ್ಲೆಂಡಿನ ಸರ್ಕಾರಿ ಚರ್ಚಿನಿಂದ ಹೊರಗೆ ಉಳಿದವರು. ಹಸುಗೂಸಿಗೆ ದೀಕ್ಷೆ ಬೇಡ, ತಿಳಿವಳಿಕೆ ಬಂದ ಮೇಲೆ ನೀರಲ್ಲಿ ಮುಳುಗಿ ದೀಕ್ಷೆ ಪಡೆಯಬೇಕು ಅನ್ನೋದು ಅವರ ನಂಬಿಕೆ. 1783ರಲ್ಲಿ ಕೇರಿ ಈ ದೀಕ್ಷೆ ಪಡೆದರು. ಮುಂದೆ ಬೋಧಕರಾದರು. ಸಂಬಳ ಸಾಲದೆ ಪಾಠವನ್ನೂ ಹೇಳಿದರು, ಬೂಟನ್ನೂ ಹೊಲಿದರು.

1792ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. ಬೇರೆ ದೇಶಗಳಿಗೆ ಹೋಗಿ ಬೋಧನೆ ಮಾಡುವುದು ತಮ್ಮವರ ಕರ್ತವ್ಯ ಎಂಬ ವಾದ ಅದರಲ್ಲಿತ್ತು. ದೇಶ ದೇಶಗಳ ಜನಸಂಖ್ಯೆ, ಧರ್ಮಗಳ ಪಟ್ಟಿಯನ್ನೂ ಕೊಟ್ಟಿದ್ದರು. ಅದೇ ವರ್ಷ ಅಕ್ಟೋಬರ್ 2ರಂದು ಕೆಟರಿಂಗ್ ಪಟ್ಟಣದಲ್ಲಿ, ಒಬ್ಬ ವಿಧವೆಯ ಮನೆಯ ಕೋಣೆಯಲ್ಲಿ ಕೆಲವೇ ಜನ ಸೇರಿ ಬ್ಯಾಪ್ಟಿಸ್ಟ್ ಮಿಷನ್ ಸಂಘ ಕಟ್ಟಿದರು. ಅಂದು ಬರೆಸಿದ ಚಂದಾ 13 ಪೌಂಡ್ 2 ಶಿಲಿಂಗ್ 6 ಪೆನ್ಸ್. ಸಂಘದ ಕಾರ್ಯದರ್ಶಿ ಆಂಡ್ರ್ಯೂ ಫುಲ್ಲರ್ ಸಾಯೋತನಕ ಊರೂರು ಸುತ್ತಿ ಹಣ ಕೂಡಿಸಿದರು.

ಹೊರಡೋಕೆ ಡೊರೊತಿ ಮೊದಲು ಒಪ್ಪಲಿಲ್ಲ. ತುಂಬು ಗರ್ಭಿಣಿ, ಗೊತ್ತಿಲ್ಲದ ದೇಶ, ತಿಂಗಳುಗಟ್ಟಲೆ ಸಮುದ್ರ. ಕೇರಿ ಹಿರಿಮಗನನ್ನು ಮಾತ್ರ ಕರೆದುಕೊಂಡು ಹೊರಟರು. ಆದರೆ ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲ ಅಂತ ಹಡಗಿನಿಂದ ಇಳಿಸಿಬಿಟ್ಟರು. ಆ ತಡದಲ್ಲಿ ಹೆರಿಗೆ ಆಯ್ತು, ಮತ್ತೆ ಒತ್ತಾಯವೂ ಆಯ್ತು. ತಂಗಿ ಜೊತೆಗೆ ಬಂದರೆ ಬರ್ತೀನಿ ಅಂತ ಡೊರೊತಿ ಒಪ್ಪಿದರು. 1793ರ ಜೂನ್‌ನಲ್ಲಿ ಡೆನ್ಮಾರ್ಕಿನ ಹಡಗು ಹತ್ತಿದವರು ನವೆಂಬರ್‌ನಲ್ಲಿ ಬಂಗಾಳ ಮುಟ್ಟಿದರು.

ಜೊತೆಗೆ ಬಂದ ಡಾಕ್ಟರ್ ಜಾನ್ ಥಾಮಸ್‌ಗೆ ಕಲ್ಕತ್ತಾದಲ್ಲಿ ಹಳೇ ಸಾಲ ಇತ್ತು. ತಂದ ಹಣ ಕೆಲವೇ ದಿನಗಳಲ್ಲಿ ಖಾಲಿ. ಸುಂದರಬನದಲ್ಲಿ ಸ್ವಲ್ಪ ಕಾಲ ಕಷ್ಟಪಟ್ಟ ಮೇಲೆ ಮಾಲ್ಡಾ ಕಡೆಯ ಮದನಾಬತಿಯಲ್ಲಿ ನೀಲಿ ಕಾರ್ಖಾನೆಯ ಮೇಲ್ವಿಚಾರಕನ ಕೆಲಸ ಸಿಕ್ತು. ಅಲ್ಲಿಗೆ ಹೋದ ವರ್ಷವೇ, 1794ರಲ್ಲಿ, 5 ವರ್ಷದ ಮಗ ಪೀಟರ್ ಭೇದಿಯಿಂದ ತೀರಿಕೊಂಡ. ಅಲ್ಲಿಂದ ಡೊರೊತಿಯವರ ಮನಸ್ಸು ಕದಡಿತು, ಮತ್ತೆ ನೆಟ್ಟಗಾಗಲೇ ಇಲ್ಲ. ಪಕ್ಕದ ಕೋಣೆಯಲ್ಲಿ ಗಂಡ ಅನುವಾದ ಮಾಡ್ತಿದ್ದರೆ ಈ ಕಡೆ ಹೆಂಡತಿಯ ಕೂಗಾಟ. 1807ರ ಡಿಸೆಂಬರ್‌ನಲ್ಲಿ ಡೊರೊತಿ ಕಣ್ಣು ಮುಚ್ಚಿದರು. ಈ ಕೆಲಸವನ್ನು ಅವರು ಕೇಳಿ ಪಡೆದದ್ದಲ್ಲ. ಆದರೆ ಹೆಚ್ಚಿನ ಬೆಲೆ ತೆತ್ತದ್ದು ಅವರೇ.

ಕಂಪನಿಗೆ ಪಾದ್ರಿಗಳು ಬೇಕಿರಲಿಲ್ಲ. ಹಾಗಾಗಿ 1800ರ ಜನವರಿಯಲ್ಲಿ ಕೇರಿ ಡೆನ್ಮಾರ್ಕಿನ ಆಡಳಿತದಲ್ಲಿದ್ದ ಸೆರಾಂಪುರಕ್ಕೆ ಬಂದು ನೆಲೆಸಿದರು. ಅಲ್ಲಿ ಇನ್ನಿಬ್ಬರು ಜೊತೆಯಾದರು. ವಿಲಿಯಂ ವಾರ್ಡ್ ಮುದ್ರಣ ಬಲ್ಲವರು, ಊರಲ್ಲಿ ಪತ್ರಿಕೆ ನಡೆಸಿದವರು. ಜೋಶುವಾ ಮಾರ್ಷ್‌ಮನ್ ಮೇಷ್ಟ್ರು. ಮಾರ್ಷ್‌ಮನ್ ದಂಪತಿ ನಡೆಸಿದ ಶಾಲೆಯ ಆದಾಯ, ಅಚ್ಚುಕೂಟದ ಆದಾಯ, ಕೇರಿಯವರ ಸಂಬಳ, ಎಲ್ಲವೂ ಒಂದೇ ಗಲ್ಲಾಕ್ಕೆ. ತಾಯಿಯ ಕಾಯಿಲೆಯಿಂದ ಹೇಳೋರಿಲ್ಲದೆ ಬೆಳೆಯುತ್ತಿದ್ದ ಕೇರಿಯವರ ಮಕ್ಕಳನ್ನು ತಿದ್ದಿದವರು ಹನ್ನಾ ಮಾರ್ಷ್‌ಮನ್.

ಅಕ್ಷರದ ಅಚ್ಚು ಕೊರೆದವರು ಪಂಚಾನನ ಕರ್ಮಕಾರ, ಅವರ ನಂತರ ಅಳಿಯ ಮನೋಹರ. ಬಂಗಾಳಿ ಕಲಿಸಿದವರು ಮುನ್ಷಿ ರಾಮ್‌ರಾಮ್ ಬಸು. ಅವರು ಬಂಗಾಳಿ ಗದ್ಯದಲ್ಲಿ ಬರೆದ ರಾಜಾ ಪ್ರತಾಪಾದಿತ್ಯನ ಚರಿತ್ರೆ 1801ರಲ್ಲಿ ಅಲ್ಲೇ ಅಚ್ಚಾಯ್ತು. ಅದೇ ವರ್ಷ ಕೇರಿ ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿಗೆ ಪಾಠ ಹೇಳೋಕೆ ಸೇರಿದರು. ಬಂಗಾಳಿ, ಸಂಸ್ಕೃತ, ಮರಾಠಿ ಕಲಿಸುತ್ತಾ ಸುಮಾರು 30 ವರ್ಷ ಅಲ್ಲಿದ್ದರು. ಪಾದ್ರಿಗಳನ್ನು ಬೇಡ ಅಂದ ಸರ್ಕಾರವೇ ಈಗ ಸಂಬಳ ಕೊಡ್ತಿತ್ತು. ಅಲ್ಲಿನ ಮುಖ್ಯ ಪಂಡಿತ ಮೃತ್ಯುಂಜಯ ವಿದ್ಯಾಲಂಕಾರ ಅವರ ಒಡನಾಟ ದೊಡ್ಡ ಬಲವಾಯ್ತು.

ಈ ಪಂಡಿತರ ನೆರವಿಂದಲೇ ಹತ್ತಾರು ಭಾಷೆಗಳಿಗೆ ಬೈಬಲ್ ಅನುವಾದ ಶುರುವಾಯ್ತು. ಅದರಲ್ಲಿ ಕನ್ನಡವೂ ಒಂದು. ಆದರೆ 1812ರ ಮಾರ್ಚ್ 11ರ ಸಂಜೆ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕೇರಿ ಆಗ ಕಲ್ಕತ್ತಾದಲ್ಲಿದ್ದರು. ಕಾಗದದ ದಾಸ್ತಾನು, ಸೀಸದ ಅಕ್ಷರಗಳು, ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಸುಟ್ಟು ಹೋದವು. ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಬೂದಿ. ನಷ್ಟ ಸುಮಾರು 70 ಸಾವಿರ ರೂಪಾಯಿ.

ಯಂತ್ರಗಳು, ಅಕ್ಷರದ ಉಕ್ಕಿನ ಅಚ್ಚುಗಳು ಉಳಿದಿದ್ದವು. ಕರಗಿದ ಸೀಸವನ್ನೇ ಮತ್ತೆ ಎರಕ ಹೊಯ್ದು ಕೆಲವೇ ವಾರಗಳಲ್ಲಿ ಅಚ್ಚು ಶುರು ಮಾಡಿದರು. ಸುದ್ದಿ ತಲುಪಿದ ಮೇಲೆ ಇಂಗ್ಲೆಂಡಿನ ಜನ ನಷ್ಟದಷ್ಟು ಹಣವನ್ನೂ ಕೂಡಿಸಿ ಕಳಿಸಿದರು. ಹಸ್ತಪ್ರತಿಗಳನ್ನು ಮಾತ್ರ ಕೂತು ಬರೆಯಲೇಬೇಕಿತ್ತು. ಬರೆದರು. ಬೆಂಕಿ ಬಿದ್ದ 5 ವರ್ಷಕ್ಕೆ ಬಂದದ್ದೇ ಕನ್ನಡ ವ್ಯಾಕರಣ.

ಎಲ್ಲ ಅನುವಾದಗಳೂ ಚೆನ್ನಾಗಿದ್ದವು ಅಂತಲ್ಲ. ಎಷ್ಟೋ ಭಾಷೆಗಳ ಪ್ರತಿಗಳು ಆ ಊರಿನ ಜನರಿಗೆ ಸರಿಯಾಗಿ ಅರ್ಥವಾಗದೆ, ಮುಂದೆ ಬೇರೆಯವರು ಹೊಸದಾಗಿ ಮಾಡಬೇಕಾಯ್ತು. ಆ ಜನರ ನಡುವೆ ಬದುಕದೆ, ದೂರದಲ್ಲಿ ಕೂತು ಮಾಡಿದ ಕೆಲಸದ ಮಿತಿ ಅದು.

ಕೇರಿಯವರಿಗೆ ಗಿಡಗಳ ಹುಚ್ಚೂ ಇತ್ತು. ಗೆಳೆಯ, ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ತೀರಿಕೊಂಡ ಮೇಲೆ ಅವರ ಭಾರತದ ಸಸ್ಯಗಳ ಪುಸ್ತಕವನ್ನು ಅಚ್ಚು ಹಾಕಿಸಿದರು. 1820ರಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಘ ಕಟ್ಟಿದರು. ನಮ್ಮ ಮಲೆನಾಡಿನ ಕಾಡಲ್ಲಿರುವ ಕವಲು ಮರದ ವೈಜ್ಞಾನಿಕ ಹೆಸರು ಕೇರಿಯಾ ಆರ್ಬೋರಿಯಾ. ಆ ಹೆಸರು ಇಟ್ಟವರು ರಾಕ್ಸ್‌ಬರ್ಗ್, ಇಟ್ಟದ್ದು ಈ ಗೆಳೆಯನ ನೆನಪಿಗೆ.

ಸತಿ ಪದ್ಧತಿಯನ್ನು ಕೇರಿ ಕಣ್ಣಾರೆ ಕಂಡು ವಿರೋಧಿಸಿದ್ದರು. 1829ರ ಡಿಸೆಂಬರ್‌ನಲ್ಲಿ ಬೆಂಟಿಂಕ್ ಅದನ್ನು ನಿಷೇಧಿಸಿದಾಗ, ಆದೇಶ ಬಂಗಾಳಿಗೆ ಅನುವಾದವಾಗಲು ಕೇರಿಯವರ ಕೈಗೇ ಬಂತು. ಅಂದು ಭಾನುವಾರ. ತಡವಾದರೆ ಇನ್ನೊಂದು ಜೀವ ಹೋಗಬಹುದು ಅಂತ ಬೋಧನೆಯನ್ನು ಬೇರೆಯವರಿಗೆ ಬಿಟ್ಟು, ಪಂಡಿತರ ಜೊತೆ ಕೂತು ಅಂದೇ ಮುಗಿಸಿದರು.

ಕೊನೆಗಾಲ ಸುಖವಾಗಿರಲಿಲ್ಲ. 1815ರಲ್ಲಿ ಫುಲ್ಲರ್ ತೀರಿಕೊಂಡ ಮೇಲೆ ಊರಿನ ಸಂಘದ ಹೊಸಬರಿಗೂ ಸೆರಾಂಪುರದವರಿಗೂ ಆಸ್ತಿ, ಅಧಿಕಾರದ ಜಗಳ ಹತ್ತಿತು. 1827ರಲ್ಲಿ ಎರಡೂ ಕಡೆ ಬೇರೆಯಾದವು. ತಾವೇ ಹುಟ್ಟುಹಾಕಿದ ಸಂಘದಿಂದ ಕೇರಿ ದೂರವಾದರು.

ಮೂವರೂ ಸೇರಿ 1818ರಲ್ಲಿ ಕಟ್ಟಿದ ಸೆರಾಂಪುರ ಕಾಲೇಜು ಇಂದಿಗೂ ಇದೆ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜು, ಮಂಗಳೂರಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜುಗಳಲ್ಲಿ ಓದಿದವರಿಗೆ ಸಿಗುವ ದೈವಶಾಸ್ತ್ರ ಪದವಿಗೂ ಸೆರಾಂಪುರದ ಹೆಸರೇ.

1834ರ ಜೂನ್ 9ರಂದು ಕೇರಿ ಸೆರಾಂಪುರದಲ್ಲಿ ತೀರಿಕೊಂಡರು. ಹೊರಟು ಬಂದ ಊರಿಗೆ ಒಮ್ಮೆಯೂ ಮರಳಲಿಲ್ಲ. ಸಮಾಧಿ ಮೇಲೆ ಹೆಸರು, ಹುಟ್ಟಿದ, ಸತ್ತ ದಿನ, ಎರಡು ಸಾಲಿನ ಪ್ರಾರ್ಥನಾ ಗೀತೆ, ಇಷ್ಟೇ ಇರಲಿ ಅಂತ ಮೊದಲೇ ಬರೆದಿಟ್ಟಿದ್ದರು. ಮಾಡಿದ ಕೆಲಸದ ಪಟ್ಟಿ ಕಲ್ಲಿನ ಮೇಲೆ ಇಲ್ಲ. ಬರೆಯೋಕೆ ಹೊರಟಿದ್ದರೆ ಡೊರೊತಿ, ಹನ್ನಾ, ಪಂಚಾನನ, ರಾಮ್‌ರಾಮ್ ಬಸು, ಇವರ ಹೆಸರೂ ಸೇರಿಸಬೇಕಿತ್ತು.